ಮೂಗು ಕಂಡ ದಾರಿ

ಮೈಸೂರಿನಿಂದ ಬೆಂಗಳೂರಿಗೆ ಹೋಗುವ ರೈಲುದಾರಿ 1882ರಲ್ಲಿ ಪೂರ್ತಿಯಾದ ಮೇಲೆ ಅದರಲ್ಲಿ ಪಯಣಿಸಿದವರು ಶ್ರೀರಂಗಪಟ್ಟಣದ ಕೋಟೆಯನ್ನೂ ಕಾವೇರಿಯ ಕವಲುಗಳನ್ನೂ ರಾಮನಗರದ ಹೆಬ್ಬಂಡೆಗಳನ್ನೂ ಕುರಿತು ಬೇಕಾದಷ್ಟು ಹೇಳಿದ್ದಾರೆ. ಕಣ್ಣಿಗೆ ಬಿದ್ದುದನ್ನು ಬಣ್ಣಿಸುವ ಅಭ್ಯಾಸ ನಮಗೆ ಬಹುಕಾಲದ್ದು. ಆದರೆ ಸುಮಾರು 138 ಕಿಲೋಮೀಟರುಗಳ ಆ ದಾರಿಯ ಉದ್ದಕ್ಕೂ ಊರಿಗೊಂದರಂತೆ ಗಂಧವಿದೆಯೆಂಬುದೂ, ಕಣ್ಣು ಮುಚ್ಚಿ ಕುಳಿತವನು ಸಹ ಗಾಡಿ ಎಲ್ಲಿಗೆ ಬಂದಿತೆಂಬುದನ್ನು ಹೇಳಬಲ್ಲನೆಂಬುದೂ, ನಿಧಾನವಾಗಿ ಸಾಗುವ ಪ್ಯಾಸೆಂಜರ್ ಗಾಡಿಯ ತೆರೆದ ಕಿಟಕಿಯ ಪಕ್ಕದಲ್ಲಿ ಕುಳಿತವರಿಗಲ್ಲದೆ ಮಿಕ್ಕವರಿಗೆ ತಿಳಿಯುವಂತಹುದಲ್ಲ. ಈ ದಾರಿಯನ್ನು ಒಮ್ಮೆ ಘ್ರಾಣೇಂದ್ರಿಯವೊಂದನ್ನೇ ನೆಚ್ಚಿ ಕ್ರಮಿಸಬೇಕೆಂಬ ಆಸೆ ನನಗೆ ಬಹುದಿನಗಳಿಂದ ಇದ್ದಿತು. ಮಲ್ಲಿಗೆಗೂ ಗಂಧದೆಣ್ಣೆಗೂ ಹೆಸರಾದ ಊರಿನಲ್ಲಿ ಹೊರಟು, ಕೆಂಗೇರಿ ಮೋರಿಯೆಂದು ಜನ ಮೂಗು ಮುಚ್ಚಿಕೊಂಡು ದಾಟುವ ಹೊಳೆಯ ದಡವನ್ನು ಮುಟ್ಟುವ ಈ ಪ್ರಯಾಣವು, ನಗರಗಳಲ್ಲಿ ನಾವು ಯಾವುದನ್ನು ಪರಿಮಳವೆನ್ನುತ್ತೇವೆ, ಯಾವುದನ್ನು ನಾತವೆನ್ನುತ್ತೇವೆ, ಆ ತೀರ್ಪನ್ನು ಕೊಡುವಾಗ ನಾವು ಎಲ್ಲಿ ನಿಂತಿರುತ್ತೇವೆ ಎಂಬುದನ್ನು ವಿಚಾರಮಾಡಲು ತಕ್ಕ ಸಂದರ್ಭವೆಂದು ತೋರಿತು.

ತರ್ಕಶಾಸ್ತ್ರವನ್ನು ಓದತೊಡಗುವ ವಿದ್ಯಾರ್ಥಿಯ ಕೈಗೆ ಮೊದಲು ಬರುವ ಗ್ರಂಥ ಅನ್ನಂಭಟ್ಟನ ತರ್ಕಸಂಗ್ರಹ. ಅದರ ಪ್ರಕಾರ ಗಂಧವು ಪೃಥ್ವಿಯೊಂದಕ್ಕೇ ಸಲ್ಲುವ ಗುಣ. ನೀರಿನಲ್ಲಾಗಲಿ ಗಾಳಿಯಲ್ಲಾಗಲಿ ತೋರುವ ವಾಸನೆ ಅವುಗಳೊಡನೆ ಬೆರೆತ ಪಾರ್ಥಿವಾಂಶದ್ದು. ರೂಪದಲ್ಲಿ ಏಳು ಬಗೆಗಳನ್ನೂ ರಸದಲ್ಲಿ ಆರು ಬಗೆಗಳನ್ನೂ ಎಣಿಸುವ ಆ ಗ್ರಂಥಕರ್ತನು ಗಂಧಕ್ಕೆ ಬಂದಾಗ ಸುರಭಿ, ಅಸುರಭಿ ಎಂಬ ಎರಡನ್ನೇ ಹೇಳಿ ನಿಲ್ಲಿಸುತ್ತಾನೆ. ಮನುಷ್ಯನ ಮೂಗಿನಲ್ಲಿ ಸುಮಾರು ನಾನೂರು ಬಗೆಯ ಗ್ರಾಹಕಗಳಿವೆಯೆಂದು ಈಗಿನ ವಿಜ್ಞಾನ ಹೇಳುತ್ತದೆ. ಅವುಗಳ ಮೂಲವನ್ನು 1991ರಲ್ಲಿ ಕಂಡುಹಿಡಿದ ಲಿಂಡಾ ಬಕ್ ಮತ್ತು ರಿಚರ್ಡ್ ಆ್ಯಕ್ಸೆಲ್ ಎಂಬ ವಿಜ್ಞಾನಿಗಳಿಗೆ 2004ರಲ್ಲಿ ನೊಬೆಲ್ ಬಹುಮಾನವೂ ಬಂದಿತು. ಇಷ್ಟು ವೈವಿಧ್ಯವಿದ್ದರೂ ಬೀದಿಯಲ್ಲಿ ನಡೆಯುವವನ ಬಾಯಿಂದ ಮೊದಲು ಹೊರಡುವ ಮಾತು ಅನ್ನಂಭಟ್ಟನ ಎರಡರಲ್ಲಿ ಒಂದೇ ಆಗಿರುತ್ತದೆ. ತಾರ್ಕಿಕನ ದೃಷ್ಟಿಯಲ್ಲಿ ಅವೆರಡೂ ವಸ್ತುವಿನಲ್ಲಿಯೇ ಇರುವ ಗುಣಗಳು. ಅವು ವಸ್ತುವಿನಲ್ಲಿ ಎಷ್ಟರಮಟ್ಟಿಗೆ ಇವೆ, ಮೂಸುವವನಲ್ಲಿ ಎಷ್ಟರಮಟ್ಟಿಗೆ ಇವೆ ಎಂಬ ಪ್ರಶ್ನೆಯನ್ನು ನಾನು ಜೊತೆಯಲ್ಲಿ ಒಯ್ದೆ.

ಬೆಳಕು ಹರಿಯುವ ಮುನ್ನವೇ ದೇವರಾಜ ಮಾರುಕಟ್ಟೆಯನ್ನು ಹೊಕ್ಕವನಿಗೆ ಮೊದಲು ಎದುರಾದದ್ದು ಚೆಂಡುಹೂವಿನ ಕಹಿಬೆರೆತ ಹಸುರು ವಾಸನೆ. ಅನಂತರ ದವನ ಮರುಗಗಳ ತೀಕ್ಷ್ಣವಾದ ಕಂಪು, ನೀರು ಚಿಮುಕಿಸಿದ ವೀಳ್ಯದೆಲೆಯ ಕಟ್ಟುಗಳು, ಹಣ್ಣಿನ ಸಾಲಿನಿಂದ ತೇಲಿಬರುವ ಮಾಗಿದ ಬಾಳೆಯ ಸಿಹಿ, ಮತ್ತು ಇವೆಲ್ಲದರ ಅಡಿಯಲ್ಲಿ, ಕಾಲ್ತುಳಿತಕ್ಕೆ ಸಿಕ್ಕಿ ಕೊಳೆಯತೊಡಗಿದ ನಿನ್ನೆಯ ಹೂವಿನ ಕಮಟು. ಮೈಸೂರು ಮಲ್ಲಿಗೆ ಕುಕ್ಕೆಗಳಲ್ಲಿ ರಾಶಿಯಾಗಿ ಬಿದ್ದಿತ್ತು. ಬಗ್ಗಿ ಮೂಸಿದರೆ ತೇವದ ತಂಪಲ್ಲದೆ ಹೆಚ್ಚೇನೂ ಇಲ್ಲ. ಹೂವು ಕಟ್ಟುತ್ತಿದ್ದ ಮುದುಕಿಯನ್ನು, "ಯಾಕಮ್ಮಾ, ಇದಕ್ಕೆ ವಾಸನೆಯೇ ಇಲ್ಲವಲ್ಲ?" ಎಂದು ಕೇಳಿದೆ. ಬೆರಳಿನ ಗತಿಯನ್ನು ನಿಲ್ಲಿಸದೆಯೇ ಆಕೆ, "ಮೊಗ್ಗಿಗೆಲ್ಲಿ ಬರ್ತದೆ ಸ್ವಾಮಿ? ಹೊತ್ತು ಇಳೀಲಿ, ಮುಡಿದೋರು ಹೋದ ದಾರೀಲೆಲ್ಲ ಬರ್ತದೆ" ಎಂದಳು. "ನಿಮಗೆ ಬರುತ್ತದೆಯೋ?" ಎಂದದ್ದಕ್ಕೆ, "ನಮಗೆಲ್ಲಿ! ಮನೆಗೆ ಹೋದ್ಮೇಲೆ ಮೊಮ್ಮಗಳು ಕೈ ಹಿಡಕೊಂಡು ಮೂಸ್ತಾಳಲ್ಲ, ಆಗ ಅಂದ್ಕೋತೀನಿ, ಬಂದಿರಬೇಕು ಅಂತ" ಎಂದು ಉತ್ತರ ಕೊಟ್ಟಳು.

ಆಕೆ ಹೇಳಿದ ಎರಡು ಮಾತುಗಳೂ ಶಾಸ್ತ್ರಸಮ್ಮತವಾದವು. ಮುಂಜಾನೆ ಬಿಡಿಸಿದ ಮೊಗ್ಗು ಬಿರಿಯುವುದು ಸಂಜೆಗೆ, ಪರಿಮಳ ಹುಟ್ಟುವುದೂ ಆಗಲೇ. ಎಡೆಬಿಡದೆ ಬರುವ ವಾಸನೆಯನ್ನು ಮೂಗು ಕೆಲವು ನಿಮಿಷಗಳಲ್ಲಿಯೇ ಗಣನೆಗೆ ತಾರದಾಗುವುದೂ ನಿಜ. ಹೊಸದಾಗಿ ಬಂದುದನ್ನು ಹೇಳುವುದು ಅದರ ಕೆಲಸ, ಇದ್ದುದನ್ನೇ ಹೇಳುತ್ತಿರುವುದಲ್ಲ. ಇನ್ನೊಂದು ಸಂಗತಿಯನ್ನು ರಸಾಯನಶಾಸ್ತ್ರಜ್ಞರು ಹೇಳುತ್ತಾರೆ, ಅದು ಮಲ್ಲಿಗೆಯ ಭಕ್ತರಿಗೆ ಮೊದಲು ಸಹ್ಯವಾಗದಿರಬಹುದು: ಆ ಹೂವಿನ ಸೌರಭದಲ್ಲಿರುವ ದ್ರವ್ಯಗಳಲ್ಲಿ ಇಂಡೋಲ್ ಎಂಬುದೊಂದು, ಮನುಷ್ಯನ ಮಲದಲ್ಲಿರುವುದೂ ಅದೇ ಇಂಡೋಲ್. ಅತ್ಯಲ್ಪವಾಗಿ ಬೆರೆತಾಗ ಅದು ಹೂವಿನ ಕಂಪಿಗೆ ಗಾಢತೆಯನ್ನು ಕೊಡುತ್ತದೆ, ಹೆಚ್ಚಾದಾಗ ಹೇಸಿಕೆ ತರುತ್ತದೆ. ಸುರಭಿಯೂ ಅಸುರಭಿಯೂ ಒಂದೇ ದ್ರವ್ಯದ ಎರಡು ಪ್ರಮಾಣಗಳಾಗಬಲ್ಲವು. ಹೆಸರಿಗೂ ಇಂಥದೇ ಬಲವಿದೆ. ಒಂದೇ ಆಮ್ಲಮಿಶ್ರಣವನ್ನು ಚೀಸ್ ಎಂದು ಹೇಳಿ ಮೂಸಲು ಕೊಟ್ಟಾಗ ಮೆಚ್ಚಿದ ಜನ, ವಾಂತಿಯೆಂದು ಹೇಳಿ ಕೊಟ್ಟಾಗ ಮುಖ ತಿರುಗಿಸಿದರೆಂಬುದು ಮನಶ್ಶಾಸ್ತ್ರಜ್ಞರು ಪ್ರಯೋಗದಿಂದ ಕಂಡ ವಿಷಯ.

ಮಾರುಕಟ್ಟೆಯಿಂದ ಮಾನಂದವಾಡಿ ರಸ್ತೆಗೆ ಹೋದೆ. ಅಲ್ಲಿಯ ಗಂಧದೆಣ್ಣೆಯ ಕಾರ್ಖಾನೆ ಹುಟ್ಟಿದ್ದು ಯುದ್ಧದ ದೆಸೆಯಿಂದ. ಮೈಸೂರಿನ ಶ್ರೀಗಂಧದ ಕೊರಡನ್ನು ಕೊಂಡು ತೈಲ ತೆಗೆಯುತ್ತಿದ್ದವರಲ್ಲಿ ಮುಖ್ಯರು ಜರ್ಮನರು. 1914ರಲ್ಲಿ ಮಹಾಯುದ್ಧ ಮೊದಲಾಗಿ ಆ ವ್ಯಾಪಾರ ನಿಂತುಹೋಗಲು, ಮರ ಉಗ್ರಾಣಗಳಲ್ಲಿ ಬಿದ್ದಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಆಲ್ಫ್ರೆಡ್ ಚಾಟರ್ಟನ್ನರ ಪ್ರಯತ್ನದಿಂದಲೂ ಬೆಂಗಳೂರಿನ ವಿಜ್ಞಾನಮಂದಿರದ ಸಡ್‌ಬರೋ, ವಾಟ್ಸನ್ ಎಂಬ ಆಚಾರ್ಯರ ಪ್ರಯೋಗಗಳಿಂದಲೂ ತೈಲವನ್ನು ಇಲ್ಲಿಯೇ ಇಳಿಸುವುದು ಸಾಧ್ಯವಾಗಿ, 1916ರಲ್ಲಿ ಕಾರ್ಖಾನೆ ನಿಂತಿತು. ಶ್ರೀಗಂಧದ ಮರ ಬದುಕಿರುವಾಗ ಅದರ ಎಲೆಗೂ ತೊಗಟೆಗೂ ಪರಿಮಳವಿಲ್ಲ. ನೆರೆಯ ಗಿಡಗಳ ಬೇರಿನಿಂದ ಸಾರವನ್ನು ಹೀರಿ ಹತ್ತಾರು ವರ್ಷ ಬೆಳೆದ ಮೇಲೆ ಒಳಗಿನ ಚೇಗಿನಲ್ಲಿಯೂ ಬೇರಿನಲ್ಲಿಯೂ ತೈಲ ಸಂಚಯವಾಗುತ್ತದೆ. ಆದುದರಿಂದಲೇ ಅದನ್ನು ಕಡಿಯುವುದಿಲ್ಲ, ಬೇರುಸಹಿತ ಕಿತ್ತು ತೆಗೆಯುತ್ತಾರೆ. ರಸ್ತೆಯ ತಿರುವಿನಲ್ಲಿ ಆ ಕಂಪು ಮುಖಕ್ಕೆ ತಾಗಿದಾಗ ನನಗಾದ ಆನಂದ ಸಣ್ಣದಲ್ಲ. ಎಳೆತನದ ಪೂಜೆಯ ಮನೆ, ಸತ್ತವರ ಎದೆಯ ಮೇಲಿಟ್ಟ ಗಂಧದ ಚಕ್ಕೆ, ಮದುವೆಯ ಹಸೆ, ಎಲ್ಲವೂ ಒಮ್ಮೆಗೇ ಎದ್ದುವು. ಎದುರಿನ ಗೂಡಂಗಡಿಯಲ್ಲಿ ಚಹ ಕಾಸುತ್ತಿದ್ದವನಿಗೆ ಆ ಗಾಳಿ ಬರಿಯ ಗಾಳಿಯಾಗಿತ್ತು.

ಗಾಡಿಗೆ ಇನ್ನೂ ಹೊತ್ತಿದ್ದುದರಿಂದ ಹಳೆಯ ಬಡಾವಣೆಯೊಂದರ ಹಿಂಬದಿಯ ಓಣಿಗೆ ನುಗ್ಗಿದೆ. ಮೈಸೂರಿನಲ್ಲಿ ಕನ್ಸರ್ವೆನ್ಸಿ ಗಲ್ಲಿಯೆಂದು ಕರೆಯುವ ಈ ಕಿರುದಾರಿಗಳು ಎರಡು ಸಾಲು ಮನೆಗಳ ಬೆನ್ನುಗಳ ನಡುವೆ ಇಂದಿಗೂ ಇವೆ; ಹೊರಗಿನ ಪ್ರವಾಸಿಗೆ ಇವನ್ನು ಯಾರೂ ತೋರಿಸುವುದಿಲ್ಲ. ಮನೆಯ ಮುಂಬಾಗಿಲಲ್ಲಿ ರಂಗೋಲಿಯೂ ಸಂಪಗೆಯ ಮರವೂ ಇರಬೇಕಾದುದರಿಂದ, ಕಕ್ಕಸಿನ ಮಲವನ್ನು ತೆಗೆದು ಹೊತ್ತುಕೊಂಡು ಹೋಗುವವನಿಗೆ ಹಿಂದಿನಿಂದ ದಾರಿ ಮಾಡಿದ್ದರು. ದುರ್ಗಂಧದೊಡನೆ ಅದನ್ನು ಹೊರುವ ಮನುಷ್ಯನನ್ನೂ ಕಣ್ಮರೆ ಮಾಡಿದ ನಗರರಚನೆ ಅದು. ಹನ್ನೆರಡನೆಯ ಶತಮಾನದಲ್ಲಿ ಚಾಲುಕ್ಯ ಅರಸು ಮೂರನೆಯ ಸೋಮೇಶ್ವರನು ತನ್ನ ಮಾನಸೋಲ್ಲಾಸದಲ್ಲಿ ವಿಲೇಪನವನ್ನೂ ಪುಷ್ಪವನ್ನೂ ಧೂಪವನ್ನೂ ರಾಜಭೋಗಗಳೊಳಗೆ ಸೇರಿಸಿ ವಿಸ್ತಾರವಾಗಿ ಬಣ್ಣಿಸಿದ್ದಾನೆ. ಸುಗಂಧವನ್ನು ಕುರಿತ ವಿದ್ಯೆ ನಮ್ಮಲ್ಲಿ ಅಷ್ಟು ಹಳೆಯದು. ದುರ್ಗಂಧವನ್ನು ಹೊತ್ತವರ ಅನುಭವ ಮಾತ್ರ ಅಂಥ ಗ್ರಂಥಗಳನ್ನು ಸೇರದೆ ಹೋಯಿತು. ದೇವರಾಜ ಅರಸರ ಮಂತ್ರಿಮಂಡಲದಲ್ಲಿದ್ದ ಬಿ. ಬಸವಲಿಂಗಪ್ಪನವರು 1970ರ ದಶಕದಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ಈ ರಾಜ್ಯದಲ್ಲಿ ನಿಷೇಧಿಸಿದರು. ನನ್ನ ಎಣಿಕೆಯಲ್ಲಿ ಕನ್ನಡನಾಡಿನ ನಗರಗಳ ಗಂಧಚರಿತ್ರೆಯೆಂಬುದೊಂದನ್ನು ಬರೆಯುವುದಾದರೆ ಅದರ ದೊಡ್ಡ ಘಟನೆ ಅದೇ.

ಗಾಡಿ ಹೊರಟಿತು. ಶ್ರೀರಂಗಪಟ್ಟಣದಲ್ಲಿ ಹೊಳೆಯ ತಂಪು ಕ್ಷಣಕಾಲ ಒಳಗೆ ಬಂದು ಹೋಯಿತು. ಪಾಂಡವಪುರ ದಾಟಿದ ಮೇಲೆ ಗದ್ದೆಯ ಕೆಸರು, ಅಲ್ಲಲ್ಲಿ ಆಲೆಮನೆಯ ಹೊಗೆ. ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದಿದು ಬೆಲ್ಲವಾಗುವ ವೇಳೆಯ ಆ ಗಂಧವನ್ನು ದ್ವೇಷಿಸಿದವನನ್ನು ನಾನು ಕಂಡಿಲ್ಲ. ಮಂಡ್ಯದಲ್ಲಿ 1933ರಲ್ಲಿ ಸಕ್ಕರೆ ಕಾರ್ಖಾನೆ ಬಂದ ಮೇಲೆ ಅದೇ ಕಬ್ಬಿನ ಇನ್ನೊಂದು ಮುಖ ಪರಿಚಯವಾಯಿತು: ಕಾಕಂಬಿಯ ಹುಳಿತ ವಾಸನೆ. ಪೇಟೆಗೆ ಹೊಸಬನಾದವನು ಅದಕ್ಕೆ ಹುಬ್ಬುಗಂಟಿಕ್ಕುತ್ತಾನೆ; ಆದರೆ ಕಬ್ಬು ಕಡಿಯಲು ಕಾದಿರುವ ರೈತ ಗಾಡಿಯಲ್ಲಿ ಕುಳಿತು ಆ ವಾಸನೆಯನ್ನು ಹುಡುಕುತ್ತಾನೆ, ಬಂದರೆ ಅರೆಯುವಿಕೆ ನಡೆಯುತ್ತಿದೆಯೆಂದು ಸಮಾಧಾನಗೊಳ್ಳುತ್ತಾನೆ. ಮದ್ದೂರಿನಲ್ಲಿ ವಡೆಯವರು ಹತ್ತಿದರು, ಈರುಳ್ಳಿ ಕರಿದ ಘಮ ಡಬ್ಬಿಯನ್ನೆಲ್ಲ ತುಂಬಿತು. ಅದರ ವಿಷಯದಲ್ಲಿ ಭಿನ್ನಾಭಿಪ್ರಾಯವೇ ಇರಲಿಲ್ಲ.

ನಾನು ಇಳಿದದ್ದು ರಾಮನಗರದಲ್ಲಿ. ಈ ಊರಿನ ಸರ್ಕಾರಿ ರೇಷ್ಮೆಗೂಡಿನ ಮಾರುಕಟ್ಟೆ ದೇಶಕ್ಕೆಲ್ಲ ಹೆಸರಾದದ್ದು. ಗೂಡನ್ನು ಕೊಂಡವರು ಅದನ್ನು ಬಿಸಿನೀರಿನಲ್ಲಿ ಬೇಯಿಸಿ, ಎಳೆಯ ತುದಿಯನ್ನು ಹಿಡಿದು, ನೂಲನ್ನು ಬಿಚ್ಚಿ ರಾಟೆಗೆ ಸುತ್ತುತ್ತಾರೆ. ನೂಲು ಬಿಚ್ಚಾಣಿಕೆಯೆನ್ನುವ ಈ ಕಸುಬು ಕಿರಿದಾದ ಓಣಿಗಳ ಮನೆಮನೆಯ ಹಿತ್ತಿಲಲ್ಲಿ ನಡೆಯುತ್ತದೆ. ಗೂಡಿನೊಳಗಿನ ಹುಳು ಬೆಂದು, ನೂಲೆಲ್ಲ ಬಿಚ್ಚಿಹೋದ ಮೇಲೆ ತೊಟ್ಟಿಯಲ್ಲಿ ಉಳಿಯುತ್ತದೆ. ಆ ಬೆಂದ ಹುಳುವಿನ ವಾಸನೆಯನ್ನು ಬಣ್ಣಿಸುವುದು ಕಷ್ಟ. ಎಣ್ಣೆ ಕಮಟಿದಂತೆ, ಮೀನು ಹಳಸಿದಂತೆ ಎಂದರೆ ಸ್ವಲ್ಪ ಹತ್ತಿರ ಬರಬಹುದು. ಅದು ಗಂಟಲಿನ ಹಿಂಬದಿಗೆ ಅಂಟಿಕೊಂಡು ಬಹಳ ಹೊತ್ತು ಬಿಡುವುದಿಲ್ಲ. ಮೈಸೂರಿನ ರೇಷ್ಮೆಯ ನೇಯ್ಗೆ ಕಾರ್ಖಾನೆ ಇರುವುದು ಗಂಧದೆಣ್ಣೆಯ ಕಾರ್ಖಾನೆಯ ರಸ್ತೆಯಲ್ಲಿಯೇ. ಬೆಳಿಗ್ಗೆ ಅದರ ಮುಂದೆಯೇ ಹಾದುಬಂದಿದ್ದೆ. ಸೀರೆಗೆ ಆ ಓಣಿಯ ವಾಸನೆ ಇರುವುದಿಲ್ಲ. ಅಂಟು ತೆಗೆದು, ಒಗೆದು, ನೇಯ್ದು, ಮಡಿಸಿ, ಪೆಟ್ಟಿಗೆಯಲ್ಲಿಟ್ಟು, ಮದುವಣಗಿತ್ತಿಯ ಮೈಮೇಲೆ ಬರುವಷ್ಟರಲ್ಲಿ ಅದು ಹುಟ್ಟಿದ ತೊಟ್ಟಿಯ ಗುರುತು ಪೂರ್ತಿ ಅಳಿಸಿರುತ್ತದೆ. ವಾಸನೆ ಮಾತ್ರ ಹುಟ್ಟಿದಲ್ಲಿಯೇ, ಬಿಚ್ಚಿದವರ ಬಳಿಯೇ, ಉಳಿದುಕೊಳ್ಳುತ್ತದೆ.

ಒಂದು ಮನೆಯ ಜಗಲಿಯ ಮೇಲೆ ಕೆಲಸ ಮುಗಿಸಿ ಕುಳಿತಿದ್ದ ಹೆಂಗಸು ನನ್ನನ್ನು ಕರೆದು ನೀರು ಕೊಟ್ಟಳು. ಬಿಸಿನೀರಿನಲ್ಲಿ ದಿನವೆಲ್ಲ ಅದ್ದಿದ ಆಕೆಯ ಬೆರಳುಗಳು ಬಿಳಿಚಿ ಸುಕ್ಕಾಗಿದ್ದುವು. "ಮದುವೆಯಾಗಿ ಬಂದಾಗ ಒಂದು ವಾರ ಅನ್ನ ಸೇರ್ತಿರಲಿಲ್ಲ ಅಣ್ಣ, ಆಮೇಲೆ ಗೊತ್ತೇ ಆಗಲಿಲ್ಲ. ಬಸ್ಸಲ್ಲಿ ಪಕ್ಕ ಕೂತೋರು ಎದ್ದು ಬೇರೆ ಕಡೆ ಹೋದ್ರೆ, ಆಗ ಜ್ಞಾಪಕ ಬರ್ತದೆ" ಎಂದಳು. ಮೊಮ್ಮಗಳ ಮುಖದಿಂದ ತನ್ನ ಕೈಯ ಪರಿಮಳವನ್ನು ಅರಿಯುವ ಮೈಸೂರಿನ ಹೂವಾಡಗಿತ್ತಿಯೂ, ಅಪರಿಚಿತರ ಬೆನ್ನಿನಿಂದ ತನ್ನ ಮೈಯ ವಾಸನೆಯನ್ನು ಅರಿಯುವ ಈಕೆಯೂ ಒಂದೇ ನಿಯಮಕ್ಕೆ ಒಳಪಟ್ಟವರು. ಆದರೆ ಆ ನಿಯಮ ಒಬ್ಬಳಿಗೆ ತಂದುದು ಮುದ್ದು, ಇನ್ನೊಬ್ಬಳಿಗೆ ತಂದುದು ಅವಮಾನ. "ನಿನಗೆ ಸೇರದ ವಾಸನೆ ಯಾವುದಮ್ಮ?" ಎಂದೆ. ಆಕೆ ಯೋಚಿಸಲಿಲ್ಲ. "ಆಸ್ಪತ್ರೆ ಫಿನಾಯಿಲು. ನಮ್ಮ ಯಜಮಾನ್ರನ್ನ ಅಲ್ಲಿಂದಲೇ ಎತ್ಕೊಂಡು ಬಂದಿದ್ದು." ಶುಚಿಯ ಗಂಧವೆಂದು ನಾವು ನೆಲಕ್ಕೆ ಸುರಿಯುವುದು ಆಕೆಗೆ ಸಾವಿನ ಗಂಧವಾಗಿತ್ತು. ಗ್ರಂಥದಲ್ಲಿ ಎರಡೇ ಬಗೆಯಾದ ಗಂಧವು ಆಯುಷ್ಯದಲ್ಲಿ ಎಷ್ಟು ಬಗೆಯಾಗುತ್ತದೆಂಬುದನ್ನು ಅಲ್ಲಿ ಕುಳಿತಾಗ ಕಂಡೆ.

ಸಂಜೆಯ ಗಾಡಿಯಲ್ಲಿ ಜನ ಹೆಚ್ಚು. ಮೈಸೂರಿನಿಂದಲೂ ಮಂಡ್ಯದಿಂದಲೂ ಹೂವು ಮುಡಿದು ಬಂದ ಹೆಂಗಸರಿದ್ದರು. ಬೆಳಿಗ್ಗೆ ಮೂಕವಾಗಿದ್ದ ಮೊಗ್ಗುಗಳು ಬಿಡದಿ ದಾಟುವಷ್ಟರಲ್ಲಿ ಬಿರಿದು, ಬೆವರು ಧೂಳುಗಳ ನಡುವೆ ಡಬ್ಬಿಯ ತುಂಬ ಹರಡಿದುವು. ಹೆಜ್ಜಾಲ ಕಳೆದೊಡನೆ ಜನ ತಾವಾಗಿಯೇ ಎದ್ದು ಕಿಟಕಿಯ ಬಾಗಿಲುಗಳನ್ನು ಇಳಿಸತೊಡಗಿದರು. ಯಾರೂ ಯಾರಿಗೂ ಹೇಳಲಿಲ್ಲ. ಕೆಂಗೇರಿ ಬಂದಿತೆಂಬುದಕ್ಕೆ ಅದೇ ಗುರುತು. ನಾನು ನನ್ನ ಕಿಟಕಿಯನ್ನು ತೆರೆದೇ ಇಟ್ಟೆ. ಮಲ್ಲಿಗೆಯೂ ಮೋರಿಯೂ, ಒಂದೇ ಇಂಡೋಲಿನ ಎರಡು ಪ್ರಮಾಣಗಳು, ಒಂದೇ ಉಸಿರಿನಲ್ಲಿ ಒಳಗೆ ಬಂದುವು.

ಕೆಂಗೇರಿ ಮೋರಿಯ ನಿಜವಾದ ಹೆಸರು ವೃಷಭಾವತಿ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಡಿಯಲ್ಲಿ ಹುಟ್ಟುವುದೆಂದು ಭಕ್ತರು ನಂಬಿದ ಹೊಳೆ. ಗಾಳಿ ಆಂಜನೇಯನ ಗುಡಿಯ ಬಳಿಯಿಂದ ಮೈಸೂರು ರಸ್ತೆಯ ಮಗ್ಗುಲಿಗೆ ಹರಿದು, ಬೈರಮಂಗಲದ ಕೆರೆಯನ್ನು ತುಂಬಿ, ಅರ್ಕಾವತಿಯನ್ನು ಕೂಡಿ, ಸಂಗಮದಲ್ಲಿ ಕಾವೇರಿಗೆ ಬೀಳುತ್ತದೆ. ಬಸವನಗುಡಿಯ ಬಡಾವಣೆ ಏರ್ಪಟ್ಟದ್ದು 1898ರ ಪ್ಲೇಗಿನ ದೆಸೆಯಿಂದ. ಇಕ್ಕಟ್ಟಾದ ಪೇಟೆಯ ಕೆಟ್ಟ ಗಾಳಿಯಿಂದ ಜನರನ್ನು ಹೊರಗೆ ತರಬೇಕೆಂದು ಅಗಲವಾದ ಬೀದಿಗಳನ್ನೂ ಸಾಲುಮರಗಳನ್ನೂ ಹಿಂಬದಿಯ ಗಲ್ಲಿಗಳನ್ನೂ ಹಾಕಿ ಕಟ್ಟಿದರು. ಕೆಟ್ಟ ವಾಸನೆಯೇ ರೋಗವೆಂಬ ನಂಬಿಕೆ ಆಗಿನ ಕಾಲದ್ದು, ಅದಕ್ಕೂ ಹಿಂದಿನದು. ಲಂಡನ್ ನಗರದಲ್ಲಿ ಕಾಲರಾ ಹರಡುವುದು ನೀರಿನಿಂದಲೆಂದು 1854ರಲ್ಲಿ ಜಾನ್ ಸ್ನೋ ಎಂಬ ವೈದ್ಯನು ತೋರಿಸಿಕೊಟ್ಟರೂ ಅಲ್ಲಿಯ ಅಧಿಕಾರಸ್ಥರು ಮೂಗನ್ನೇ ನಂಬಿದ್ದರು. 1858ರ ಬೇಸಗೆಯಲ್ಲಿ ಥೇಮ್ಸ್ ನದಿಯ ದುರ್ನಾತ ದಡದಲ್ಲಿದ್ದ ಪಾರ್ಲಿಮೆಂಟಿನ ಒಳಗೇ ನುಗ್ಗಿದಾಗ, ಪರದೆಗಳನ್ನು ಸುಣ್ಣದ ಕ್ಲೋರೈಡಿನಲ್ಲಿ ಅದ್ದಿ ತೂಗುಹಾಕಿದರೂ ಕುಳಿತುಕೊಳ್ಳಲಾಗದೆ ಹೋಗಿ, ವರ್ಷಗಳಿಂದ ನೆನೆಗುದಿಗೆ ಬಿದ್ದಿದ್ದ ಚರಂಡಿಯ ಯೋಜನೆಗೆ ಕೆಲವೇ ವಾರಗಳಲ್ಲಿ ಒಪ್ಪಿಗೆ ದೊರೆಯಿತು. ಬೇಜಲ್‌ಗೆಟ್ ಎಂಬ ಎಂಜಿನಿಯರು ಕಟ್ಟಿದ ಆ ಮಹಾನಾಳಗಳು ಊರನ್ನು ಕಾಲರಾದಿಂದ ಕಾಪಾಡಿದುವು, ಅದು ದೊಡ್ಡ ಉಪಕಾರ. ಮಲಿನವನ್ನು ಮಾತ್ರ ಅವು ಊರಿನ ಪೂರ್ವಕ್ಕೆ, ಹೊಳೆಯ ಕೆಳಗಣ ಜನರ ದಡಕ್ಕೆ, ಒಯ್ದು ಬಿಟ್ಟುವು.

ಆಳುವವರ ಮೂಗಿಗೆ ತಾಗಿದಾಗ ಮಾತ್ರ ವಾಸನೆ ಪ್ರಶ್ನೆಯಾಗುವುದೂ, ಅವರ ಮೂಗಿನಿಂದ ದೂರವಾದೊಡನೆ ಪ್ರಶ್ನೆ ತೀರಿತೆಂದು ಎಣಿಸುವುದೂ ಲಂಡನ್ನಿಗೆ ಮಾತ್ರ ಸೇರಿದ ರೂಢಿಯಲ್ಲ. 1974ರಿಂದ ಬೆಂಗಳೂರು ಕಾವೇರಿಯ ನೀರನ್ನು ಸುಮಾರು ನೂರು ಕಿಲೋಮೀಟರು ದೂರದಿಂದ ಮೇಲಕ್ಕೆತ್ತಿ ಕುಡಿಯುತ್ತಿದೆ. ಬಸವನಗುಡಿಯ ಬಚ್ಚಲುಗಳಲ್ಲಿ ಗಂಧದ ಸಾಬೂನಿನ ನೊರೆಯಾಗಿ ಇಳಿದ ಆ ನೀರಿನ ಒಂದು ಪಾಲು ವೃಷಭಾವತಿಯಾಗಿ ಕೆಂಗೇರಿಯನ್ನು ದಾಟಿ ಬೈರಮಂಗಲದ ರೈತನ ಹೊಲಕ್ಕೆ ಹೋಗುತ್ತದೆ. ಆ ನೀರಿನಲ್ಲಿ ಬೆಳೆದ ಹುಲ್ಲನ್ನು ಮೇಯ್ದ ಹಸುವಿನ ಹಾಲು ನಗರಕ್ಕೆ ಹಿಂದಿರುಗುತ್ತದೆ. ನಾತವನ್ನು ಹೊರಹಾಕಿದೆವೆಂದು ನಂಬಿದವರ ಮನೆಗೆ ಅದು ವಾಸನೆಯಿಲ್ಲದ ರೂಪದಲ್ಲಿ ಬಂದು ಸೇರುವುದು ಸಾಧ್ಯವಿದೆ. ಮೂಗು ನೆಮ್ಮದಿಯಾಗಿದ್ದ ಮಾತ್ರಕ್ಕೆ ಊರು ಶುಚಿಯೆಂದು ಹೇಳಲಾಗದು.

ಇದಕ್ಕಿಂತ ಘೋರವಾದ ಸಂಗತಿಯೊಂದಿದೆ. ಚರಂಡಿಯ ಗುಂಡಿಗಳಲ್ಲಿ ಹುಟ್ಟುವ ಹೈಡ್ರೊಜನ್ ಸಲ್ಫೈಡ್ ಎಂಬ ಅನಿಲವನ್ನು, ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಒಂದು ಪಾಲಿಗಿಂತ ಕಡಿಮೆಯಿದ್ದರೂ, ಕೊಳೆತ ಮೊಟ್ಟೆಯ ವಾಸನೆಯಿಂದ ಮೂಗು ಗುರುತಿಸುತ್ತದೆ. ಅದೇ ಅನಿಲ ನೂರು ಪಾಲಿನ ಮಟ್ಟವನ್ನು ಮುಟ್ಟಿದಾಗ ಘ್ರಾಣಶಕ್ತಿ ಸ್ತಬ್ಧವಾಗುತ್ತದೆ, ವಾಸನೆ ಇಲ್ಲವಾದಂತೆ ತೋರುತ್ತದೆ. ಇನ್ನೂ ಹೆಚ್ಚಿದರೆ ಪ್ರಾಣ ಹೋಗುತ್ತದೆ. ಗುಂಡಿಗಿಳಿದವನಿಗೆ, ನಾತ ಹೋಯಿತೆನ್ನಿಸಿದ ಗಳಿಗೆಯೇ ಅಪಾಯದ ಗಳಿಗೆ. ನಮ್ಮ ನಗರಗಳಲ್ಲಿ ಹೀಗೆ ಇಳಿದು ಸತ್ತವರ ಸುದ್ದಿ ಪತ್ರಿಕೆಗಳಲ್ಲಿ ಇಂದಿಗೂ ಬರುತ್ತಲೇ ಇದೆ. ಪರಿಮಳದ ನಗರ, ಉದ್ಯಾನದ ನಗರ ಎಂಬ ಬಿರುದುಗಳನ್ನು ನಾನೂ ಪ್ರೀತಿಸುತ್ತೇನೆ. ಆದರೆ ಆ ಗುಂಡಿಯ ತಳದಲ್ಲಿ ಒಬ್ಬನನ್ನು ನಿಲ್ಲಿಸಿರುವ ತನಕ ಅವು ನಮಗೆ ಸಲ್ಲುವ ಬಿರುದುಗಳಲ್ಲವೆಂಬುದು ಈ ಪ್ರಯಾಣ ನನ್ನಲ್ಲಿ ನೆಲೆಗೊಳಿಸಿದ ಅಭಿಪ್ರಾಯ.

ಈ ದಾರಿಯಲ್ಲಿ ಹೋಗುವ ಓದುಗರಲ್ಲಿ ನನ್ನದೊಂದು ವಿಜ್ಞಾಪನೆ. ಹೆಜ್ಜಾಲದಿಂದ ನಾಯಂಡಹಳ್ಳಿಯ ತನಕ ಕಿಟಕಿಯನ್ನು ಮುಚ್ಚಬೇಡಿ. ಬರುವ ವಾಸನೆಯಲ್ಲಿ ಬೆಂಗಳೂರಿನ ಎಷ್ಟೋ ಬಡಾವಣೆಗಳ ಪಾಲು ಇದೆ, ನಿಮ್ಮದೂ ಇರಬಹುದು. ಊರು ಸೇರಿದ ಮೇಲೆ ನಿಮ್ಮ ಮನೆಯ ಬಚ್ಚಲ ನೀರು ಯಾವ ಕಾಲುವೆಯನ್ನು ಸೇರುತ್ತದೆಂದು ನಿಮ್ಮ ವಾರ್ಡಿನ ಎಂಜಿನಿಯರರನ್ನು ಕೇಳಿ ತಿಳಿಯಿರಿ. ನಿಮ್ಮ ಬೀದಿಯ ಚರಂಡಿ ಕಟ್ಟಿಕೊಂಡು ನಾತ ಹಬ್ಬಿದಾಗ ಅವಸರಪಟ್ಟು ಯಾರನ್ನಾದರೂ ಇಳಿಸಲು ಒಪ್ಪಬೇಡಿ. ರಕ್ಷಣೆಯ ಸಾಧನಗಳಿಲ್ಲದೆ ಮನುಷ್ಯನನ್ನು ಗುಂಡಿಗೆ ಇಳಿಸುವುದು 2013ರ ಕಾಯಿದೆಯ ಪ್ರಕಾರ ಅಪರಾಧ. ಯಂತ್ರ ಬರುವವರೆಗೆ ಒಂದು ದಿನ ಆ ವಾಸನೆಯನ್ನು ನಾವು ಸಹಿಸಿಕೊಂಡಿರೋಣ.